ರೀಬೂಟ್ ಹೊತ್ತಿಗೆ ನಿಮ್ಮ ಸರ್ವಿಸ್ ಏನು ಮಾಡುತ್ತದೆ?

ಹೊಸದಾಗಿ ಒಂದು ಸರ್ವರ್ ನನ್ನ ಕೈಗೆ ಬಂದರೆ ನಾನು ಕೇಳುವ ಮೊದಲ ಪ್ರಶ್ನೆ: ಇದನ್ನು ಕೊನೆಯ ಸಲ ರೀಬೂಟ್ ಮಾಡಿದ್ದು ಯಾವಾಗ? "ಅಯ್ಯೋ, ಅದನ್ನು ಮುಟ್ಟೇ ಇಲ್ಲ ಸಾರ್, ವರ್ಷದ ಮೇಲಾಯ್ತು" ಅಂತ ಹೆಮ್ಮೆಯಿಂದ ಹೇಳುವವರೇ ಜಾಸ್ತಿ. ಅಪ್‌ಟೈಮ್ ಏರಿದಷ್ಟೂ ನನ್ನ ಭಯವೂ ಏರುತ್ತದೆ. ಆ ಒಂದು ವರ್ಷದಲ್ಲಿ ಯಾರೋ ಕೈಯಲ್ಲೇ ಶುರು ಮಾಡಿ ಬಿಟ್ಟ ಪ್ರೋಗ್ರಾಮ್ ಎಷ್ಟಿವೆಯೋ, ಕಾನ್ಫಿಗ್ ಬದಲಿಸಿ ರೀಲೋಡ್ ಮಾಡದೆ ಎದ್ದು ಹೋದವರು ಎಷ್ಟು ಜನವೋ, ಮುಂದಿನ ರೀಬೂಟ್ ಆಗುವ ತನಕ ಗೊತ್ತಾಗುವುದಿಲ್ಲ.

ಇಲ್ಲಿ ಹೇಳುವುದೆಲ್ಲ ಸಿಸ್ಟಮ್‌ಡಿ ಇರುವ ಲಿನಕ್ಸ್ ಬಗ್ಗೆ. ಸರ್ವಿಸ್‌ಗಳನ್ನು, ಅಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್‌ಗಳನ್ನು, ಬೂಟ್‌ನಲ್ಲಿ ಎಬ್ಬಿಸಿ ಶಟ್‌ಡೌನ್‌ನಲ್ಲಿ ನಿಲ್ಲಿಸುವ ಮೇಸ್ತ್ರಿ ಅದು. 2010ರಲ್ಲಿ ಲೆನಾರ್ಟ್ ಪೊಯೆಟರಿಂಗ್ ಮತ್ತು ಕೇ ಸೀವರ್ಸ್ ಇದನ್ನು ಶುರು ಮಾಡಿದರು. 2011ರಲ್ಲಿ ಫೆಡೋರಾ 15, 2014ರಲ್ಲಿ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7, 2015ರಲ್ಲಿ ಡೆಬಿಯನ್ 8 ಮತ್ತು ಉಬುಂಟು 15.04 ಇದಕ್ಕೆ ಬದಲಾದವು. ಹಾಗಾಗಿ ನೀವು ನೋಡಿಕೊಳ್ಳುವ ಸರ್ವರಿನಲ್ಲೂ ಬಹುಪಾಲು ಇದೇ ಇರುತ್ತದೆ. ಕಮಾಂಡುಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಬೇಕು ಅನ್ನುವುದು ನಿಮಗೆ ಗೊತ್ತೇ ಇದೆ.

ಉದಾಹರಣೆಗೆ ಒಂದು ಸಣ್ಣ ಪ್ರೋಗ್ರಾಮ್ ಇಟ್ಟುಕೊಳ್ಳೋಣ, ಹೆಸರು 'ವರದಿ'. ಜಾವಾದಲ್ಲಿ ಬರೆದದ್ದು. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಒಂದು ಟೇಬಲ್‌ನಿಂದ ಕೆಲಸಗಳನ್ನು ಒಂದೊಂದಾಗಿ ಎತ್ತಿಕೊಂಡು ಪಿಡಿಎಫ್ ಮಾಡುತ್ತದೆ. ಒಂದು ಪಿಡಿಎಫ್‌ಗೆ ಕೆಲವು ಸೆಕೆಂಡಿನಿಂದ ಎರಡು ನಿಮಿಷದವರೆಗೂ ಹಿಡಿಯಬಹುದು. ಆ ಎರಡು ನಿಮಿಷ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಸ್ಟಾರ್ಟ್ ಬೇರೆ, ಎನೇಬಲ್ ಬೇರೆ

ಇದು ಎಲ್ಲರಿಗೂ ಗೊತ್ತಿರುವ ವಿಷಯ, ಆದರೂ ಜಾಸ್ತಿ ಸರ್ವರ್‌ಗಳು ಎಡವುವುದು ಇಲ್ಲೇ. ಸಿಸ್ಟಮ್‌ಡಿಗೆ ಕೆಲಸ ಹೇಳುವ ಕಮಾಂಡ್ ಸಿಸ್ಟಮ್‌ಸಿಟಿಎಲ್. 'ಸಿಸ್ಟಮ್‌ಸಿಟಿಎಲ್ ಸ್ಟಾರ್ಟ್ ವರದಿ' ಅಂದರೆ ಈಗ ಓಡಿಸು, ಅಷ್ಟೇ. ಮುಂದಿನ ಬೂಟ್‌ಗೂ ಅದಕ್ಕೂ ಸಂಬಂಧವಿಲ್ಲ. 'ಸಿಸ್ಟಮ್‌ಸಿಟಿಎಲ್ ಎನೇಬಲ್ ವರದಿ' ಅಂದರೆ ಬೂಟ್ ಆಗುವಾಗ ಓಡಿಸು. ಈಗ ಓಡಿಸುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಎರಡೂ ಒಟ್ಟಿಗೆ ಬೇಕಿದ್ದರೆ ಎನೇಬಲ್ ಜೊತೆ '--ನೌ' ಸೇರಿಸಿ. ಡಿಸೇಬಲ್ ಕೂಡ ಹೀಗೆಯೇ. ಡಿಸೇಬಲ್ ಮಾಡಿದ ಮಾತ್ರಕ್ಕೆ ಓಡುತ್ತಿರುವ ಸರ್ವಿಸ್ ನಿಲ್ಲುವುದಿಲ್ಲ.

ಎನೇಬಲ್ ಅನ್ನುವುದರಲ್ಲಿ ಮಾಯ ಮಂತ್ರ ಏನೂ ಇಲ್ಲ. ಸರ್ವಿಸನ್ನು ಹೇಗೆ ಓಡಿಸಬೇಕು ಅಂತ ಸಿಸ್ಟಮ್‌ಡಿಗೆ ಹೇಳುವ ಫೈಲೇ ಯುನಿಟ್ ಫೈಲ್. ಅದರ ಕೊನೆಯ 'ಇನ್‌ಸ್ಟಾಲ್' ಭಾಗದಲ್ಲಿ 'ವಾಂಟೆಡ್‌ಬೈ=ಮಲ್ಟಿ-ಯೂಸರ್.ಟಾರ್ಗೆಟ್' ಅಂತ ಇದ್ದರೆ, /ಇಟಿಸಿ/ಸಿಸ್ಟಮ್‌ಡಿ/ಸಿಸ್ಟಮ್ ಒಳಗೆ 'ಮಲ್ಟಿ-ಯೂಸರ್.ಟಾರ್ಗೆಟ್.ವಾಂಟ್ಸ್' ಅನ್ನುವ ಫೋಲ್ಡರಿನಲ್ಲಿ ಒಂದು ಸಿಮ್‌ಲಿಂಕ್ (ಆ ಫೈಲನ್ನು ತೋರಿಸುವ ಕೊಂಡಿ) ಬೀಳುತ್ತದೆ. ಟಾರ್ಗೆಟ್ ಅಂದರೆ ಬೂಟ್‌ನಲ್ಲಿ ಮುಟ್ಟಬೇಕಾದ ಒಂದು ಹಂತ. ಡಿಸೇಬಲ್ ಮಾಡಿದರೆ ಆ ಲಿಂಕ್ ಹೋಗುತ್ತದೆ. ಆ ಫೋಲ್ಡರಿನಲ್ಲಿ ಒಮ್ಮೆ 'ಎಲ್‌ಎಸ್ -ಎಲ್' ಹೊಡೆದು ನೋಡಿ, ಬೂಟ್‌ನಲ್ಲಿ ಏನೇನು ಏಳುತ್ತದೆ ಅನ್ನುವುದರ ಮುಕ್ಕಾಲು ಕಥೆ ಅಲ್ಲೇ ಸಿಗುತ್ತದೆ. 'ಈಸ್-ಎನೇಬಲ್ಡ್' ಕೇಳಿದಾಗ 'ಸ್ಟ್ಯಾಟಿಕ್' ಅಂತ ಬಂದರೆ ಗಾಬರಿ ಬೇಡ. ಆ ಯುನಿಟ್‌ಗೆ ಇನ್‌ಸ್ಟಾಲ್ ಭಾಗವೇ ಇಲ್ಲ, ಅದನ್ನು ಬೇರೆ ಯಾವುದೋ ಯುನಿಟ್ ಎಳೆದುಕೊಂಡು ಬರುತ್ತದೆ ಅಂತ ಅರ್ಥ. ಯಾರು ಎಳೆಯುತ್ತಾರೆ ಅಂತ ತಿಳಿಯಲು 'ಲಿಸ್ಟ್-ಡಿಪೆಂಡೆನ್ಸೀಸ್ --ರಿವರ್ಸ್' ಇದೆ.

ಡಿಸೇಬಲ್ ಮಾಡಿದ ಸರ್ವಿಸ್ ಕೂಡ ಏಳಬಹುದು ಅನ್ನುವುದಕ್ಕೆ ಕಾರಣವೂ ಇದೇ. ಇನ್ನೊಂದು ಸರ್ವಿಸ್‌ಗೆ ಅದು ಬೇಕಿದ್ದರೆ, ಅಥವಾ ಅದರ ಸಾಕೆಟ್ (ಅದರ ಪರವಾಗಿ ಕನೆಕ್ಷನ್‌ಗೆ ಕಾಯುವ ಯುನಿಟ್) ಎನೇಬಲ್ ಆಗಿದ್ದರೆ, ಎದ್ದೇ ಏಳುತ್ತದೆ. ಯಾವ ಕಾರಣಕ್ಕೂ ಏಳಬಾರದು ಅನ್ನುವುದಾದರೆ 'ಮಾಸ್ಕ್' ಮಾಡಿ. ಆಗ ಆ ಹೆಸರಿನ ಯುನಿಟ್ /ಡೆವ್/ನಲ್ ಅನ್ನುವ ಖಾಲಿ ಫೈಲಿಗೆ ತೋರಿಸುವ ಲಿಂಕ್ ಆಗುತ್ತದೆ, ಕೈಯಲ್ಲಿ ಸ್ಟಾರ್ಟ್ ಮಾಡಿದರೂ ಏಳುವುದಿಲ್ಲ.

ಇಲ್ಲಿ ಡೆಬಿಯನ್ ಕಡೆಯವರಿಗೂ ರೆಡ್ ಹ್ಯಾಟ್ ಕಡೆಯವರಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಡೆಬಿಯನ್, ಉಬುಂಟುಗಳಲ್ಲಿ ಪ್ಯಾಕೇಜ್ ಹಾಕಿದ ತಕ್ಷಣ ಸಾಮಾನ್ಯವಾಗಿ ಸರ್ವಿಸ್ ಎನೇಬಲ್ ಆಗಿ ಸ್ಟಾರ್ಟ್ ಕೂಡ ಆಗಿಬಿಡುತ್ತದೆ. ರೆಡ್ ಹ್ಯಾಟ್ ಬಳಗದಲ್ಲಿ ಪ್ರಿಸೆಟ್ ಅನ್ನುವ ಫೈಲುಗಳು ಹೇಳಿದ ಕೆಲವನ್ನು ಬಿಟ್ಟರೆ ನೀವೇ ಎನೇಬಲ್ ಮಾಡುವ ತನಕ ಸುಮ್ನೆ ಕೂತಿರುತ್ತದೆ. ಡೆಬಿಯನ್‌ನಲ್ಲಿ ಕಾನ್ಫಿಗ್ ಬರೆಯುವ ಮೊದಲೇ ಡೇಟಾಬೇಸ್ ಎದ್ದು ನೆಟ್‌ವರ್ಕ್‌ನಲ್ಲಿ ಕಿವಿ ಕೊಟ್ಟು ಕೂರುವುದು ನನಗೆ ಇಷ್ಟವಿಲ್ಲ. ಅದಕ್ಕೆ ಪ್ಯಾಕೇಜ್ ಹಾಕುವ ಮೊದಲೇ ಆ ಯುನಿಟ್ ಹೆಸರನ್ನು ಮಾಸ್ಕ್ ಮಾಡಿಡುತ್ತೇನೆ. ಯುನಿಟ್ ಇನ್ನೂ ಇಲ್ಲ ಅಂತ ಅದು ಗೊಣಗುತ್ತದೆ, ಆದರೂ ಲಿಂಕ್ ಮಾಡುತ್ತದೆ. ಇನ್ನೊಂದು ದಾರಿ: 101 ಎಂಬ ಎಕ್ಸಿಟ್ ಕೋಡ್ (ಮುಗಿಯುವಾಗ ವಾಪಸ್ ಕೊಡುವ ನಂಬರ್) ಕೊಡುವ ಎರಡು ಸಾಲಿನ ಸ್ಕ್ರಿಪ್ಟ್ ಅನ್ನು /ಯುಎಸ್‌ಆರ್/ಎಸ್‌ಬಿನ್/ಪಾಲಿಸಿ-ಆರ್‌ಸಿ.ಡಿ ಅಂತ ಇಡುವುದು. ಕೆಲಸ ಮುಗಿದ ಮೇಲೆ ಅದನ್ನು ತೆಗೆಯಬೇಕು, ಇಲ್ಲದಿದ್ದರೆ ಮುಂದಿನ ಅಪ್‌ಗ್ರೇಡ್‌ನಲ್ಲಿ ಸರ್ವಿಸ್‌ಗಳು ಯಾಕೆ ರೀಸ್ಟಾರ್ಟ್ ಆಗುತ್ತಿಲ್ಲ ಅಂತ ಎಲ್ಲರೂ ತಲೆ ಕೆರೆದುಕೊಳ್ಳುತ್ತಾರೆ.

ಯಾವ ಫೈಲಿಗೆ ಕೈ ಹಾಕಬೇಕು

ಪ್ಯಾಕೇಜ್ ಜೊತೆ ಬಂದ ಯುನಿಟ್ ಫೈಲುಗಳು /ಯುಎಸ್‌ಆರ್/ಲಿಬ್/ಸಿಸ್ಟಮ್‌ಡಿ/ಸಿಸ್ಟಮ್ ಒಳಗಿರುತ್ತವೆ. ಅವನ್ನು ಮುಟ್ಟಬೇಡಿ, ಮುಂದಿನ ಅಪ್‌ಡೇಟ್‌ನಲ್ಲಿ ನಿಮ್ಮ ತಿದ್ದುಪಡಿ ಒರೆಸಿಹೋಗುತ್ತದೆ. 'ಸಿಸ್ಟಮ್‌ಸಿಟಿಎಲ್ ಎಡಿಟ್ ವರದಿ' ಅಂದರೆ /ಇಟಿಸಿ ಕಡೆ 'ವರದಿ.ಸರ್ವಿಸ್.ಡಿ' ಫೋಲ್ಡರ್ ಆಗಿ, ಅದರಲ್ಲಿ 'ಓವರ್‌ರೈಡ್.ಕಾನ್ಫ್' ಅನ್ನುವ ಫೈಲ್ ತೆರೆಯುತ್ತದೆ. ಬದಲಾಯಿಸಬೇಕಾದ ಸಾಲುಗಳನ್ನು ಮಾತ್ರ ಅಲ್ಲಿ ಬರೆಯಿರಿ. 'ಸಿಸ್ಟಮ್‌ಸಿಟಿಎಲ್ ಕ್ಯಾಟ್ ವರದಿ' ಹೊಡೆದರೆ ಮೂಲ ಫೈಲೂ ನಿಮ್ಮ ಸೇರ್ಪಡೆಯೂ ಒಟ್ಟಿಗೆ ಕಾಣುತ್ತವೆ. ಬೇರೆಯವರ ಸರ್ವರಿನಲ್ಲಿ ಯಾರು ಏನೇನು ತಿದ್ದಿದ್ದಾರೆ ಅಂತ ನೋಡಲು 'ಸಿಸ್ಟಮ್‌ಡಿ-ಡೆಲ್ಟಾ' ಇದೆ. ಹೊಸ ಸರ್ವರಿನಲ್ಲಿ ನಾನು ಮೊದಲ ಹತ್ತು ನಿಮಿಷದೊಳಗೇ ಓಡಿಸುವ ಕಮಾಂಡ್ ಅದು.

ಒಂದು ಕೊಕ್ಕೆ ಇದೆ. 'ಎಕ್ಸೆಕ್‌ಸ್ಟಾರ್ಟ್' ಥರದ ಸಾಲನ್ನು ಓವರ್‌ರೈಡ್ ಮಾಡುವಾಗ ಮೊದಲು ಖಾಲಿ 'ಎಕ್ಸೆಕ್‌ಸ್ಟಾರ್ಟ್=' ಬರೆದು, ಆಮೇಲೆ ಹೊಸದನ್ನು ಬರೆಯಬೇಕು. ಇಲ್ಲದಿದ್ದರೆ ಹಳೆಯದೂ ಹೊಸದೂ ಎರಡೂ ಉಳಿದು, ಒಂದಕ್ಕಿಂತ ಜಾಸ್ತಿ ಇದೆ ಅಂತ ಸಿಸ್ಟಮ್‌ಡಿ ತಗಾದೆ ತೆಗೆಯುತ್ತದೆ. ಫೈಲನ್ನು ಕೈಯಾರೆ ತಿದ್ದಿದ್ದರೆ, ಅದನ್ನು ಸಿಸ್ಟಮ್‌ಡಿಗೆ ಮತ್ತೆ ಓದಿಸುವ 'ಡೀಮನ್-ರೀಲೋಡ್' ಮರೆಯಬೇಡಿ. ಎಡಿಟ್ ಕಮಾಂಡ್ ಮೂಲಕ ತಿದ್ದಿದ್ದರೆ ಅದೇ ಮಾಡಿಕೊಳ್ಳುತ್ತದೆ.

ಯಾರು ಮೊದಲು, ಯಾರು ಆಮೇಲೆ

ಸಿಸ್ಟಮ್‌ಡಿಗೆ ಮೊದಲಿದ್ದ ಹಳೆಯ ಇನಿಟ್ ಕಾಲದಲ್ಲಿ ಎಸ್20, ಕೆ80 ಅಂತ ನಂಬರ್ ಹಾಕಿ ಸಾಲಾಗಿ ನಿಲ್ಲಿಸುತ್ತಿದ್ದರು. ಈಗ ಎಲ್ಲವೂ ಒಟ್ಟೊಟ್ಟಿಗೆ ಏಳಲು ನೋಡುತ್ತವೆ. ನೀವು ಹೇಳಿದರೆ ಮಾತ್ರ ಒಂದಕ್ಕೊಂದು ಕಾಯುತ್ತವೆ.

ಹೇಳುವುದು ಎರಡು ವಿಷಯ. ನನಗೆ ಅದು ಬೇಕು ಅನ್ನುವುದು ಒಂದು: 'ವಾಂಟ್ಸ್' ಅಥವಾ 'ರಿಕ್ವೈರ್ಸ್'. ಅದಾದ ಮೇಲೆ ನಾನು ಅನ್ನುವುದು ಇನ್ನೊಂದು: 'ಆಫ್ಟರ್'. ಇವೆರಡೂ ಬೇರೆ ಬೇರೆ. ಬರೀ ರಿಕ್ವೈರ್ಸ್ ಬರೆದರೆ ಡೇಟಾಬೇಸೂ ವರದಿಯೂ ಒಂದೇ ಹೊತ್ತಿಗೆ ಏಳುತ್ತವೆ, ವರದಿ ಕನೆಕ್ಷನ್ ಸಿಗದೆ ಬೀಳುತ್ತದೆ. ಬರೀ ಆಫ್ಟರ್ ಬರೆದರೆ ಡೇಟಾಬೇಸ್ ಹೇಗೂ ಏಳುತ್ತಿದ್ದರೆ ಅದಕ್ಕೆ ಕಾಯುತ್ತದೆ, ಏಳದಿದ್ದರೆ ಕಾಯದೆ ಮುಂದೆ ಹೋಗುತ್ತದೆ. ಸಾಮಾನ್ಯವಾಗಿ ಎರಡೂ ಬೇಕು.

ರಿಕ್ವೈರ್ಸ್ ಬಗ್ಗೆ ನನಗೆ ಸ್ವಲ್ಪ ತಕರಾರು ಇದೆ. ನೀವು ಡೇಟಾಬೇಸನ್ನು ರೀಸ್ಟಾರ್ಟ್ ಮಾಡಿದರೆ, ಅದನ್ನು ರಿಕ್ವೈರ್ ಮಾಡಿದವರೆಲ್ಲ ರೀಸ್ಟಾರ್ಟ್ ಆಗುತ್ತಾರೆ. ಸ್ಟಾಪ್ ಮಾಡಿದರೆ ಎಲ್ಲರೂ ನಿಲ್ಲುತ್ತಾರೆ, ಮತ್ತೆ ಡೇಟಾಬೇಸ್ ಸ್ಟಾರ್ಟ್ ಮಾಡಿದಾಗ ತಾವಾಗಿ ಏಳುವುದಿಲ್ಲ. ಹಾಗಾಗಿ ನಾನು ವಾಂಟ್ಸ್ ಮತ್ತು ಆಫ್ಟರ್ ಹಾಕುತ್ತೇನೆ, ಕನೆಕ್ಷನ್ ಕಡಿದರೆ ಮತ್ತೆ ಪ್ರಯತ್ನಿಸುವ ಕೆಲಸವನ್ನು ಪ್ರೋಗ್ರಾಮಿಗೇ ಬಿಡುತ್ತೇನೆ. ಡೇಟಾಬೇಸ್ ಬೇರೆ ಮೆಷಿನಿನಲ್ಲಿ ಇದ್ದರಂತೂ ಆಫ್ಟರ್‌ನಿಂದ ಏನೂ ಪ್ರಯೋಜನವಿಲ್ಲ. ಆ ಮೆಷಿನಿನಲ್ಲಿ ಏನಾಗುತ್ತಿದೆ ಅಂತ ಈ ಮೆಷಿನಿನ ಸಿಸ್ಟಮ್‌ಡಿಗೆ ಹೇಗೆ ಗೊತ್ತಾಗಬೇಕು?

ನೆಟ್‌ವರ್ಕ್ ವಿಷಯ. 'ಆಫ್ಟರ್=ನೆಟ್‌ವರ್ಕ್.ಟಾರ್ಗೆಟ್' ಅಂತ ಬರೆದು ಐಪಿ ಸಿಕ್ಕ ಮೇಲೇ ನನ್ನ ಸರ್ವಿಸ್ ಏಳುತ್ತದೆ ಅಂದುಕೊಂಡವರು ತುಂಬಾ ಜನ. ಹಾಗಲ್ಲ. ಆ ಟಾರ್ಗೆಟ್ ಬಂದಾಗ ನೆಟ್‌ವರ್ಕ್ ನೋಡಿಕೊಳ್ಳುವ ಪ್ರೋಗ್ರಾಮ್ ಎದ್ದಿದೆ ಅಂತ ಮಾತ್ರ ಅರ್ಥ. ಐಪಿ ಬಂದೇ ಬಂದಿರಬೇಕು ಅಂದರೆ 'ನೆಟ್‌ವರ್ಕ್-ಆನ್‌ಲೈನ್.ಟಾರ್ಗೆಟ್' ಬೇಕು. ಅದನ್ನು ವಾಂಟ್ಸ್‌ನಲ್ಲೂ ಬರೆಯಬೇಕು, ಆಫ್ಟರ್‌ನಲ್ಲೂ ಬರೆಯಬೇಕು. ಜೊತೆಗೆ ನಿಮ್ಮ ಸಿಸ್ಟಮ್‌ಗೆ ತಕ್ಕ 'ವೇಟ್-ಆನ್‌ಲೈನ್' ಸರ್ವಿಸ್ ಎನೇಬಲ್ ಆಗಿರಬೇಕು. ನೆಟ್‌ವರ್ಕ್‌ಮ್ಯಾನೇಜರಿಗೆ ಒಂದಿದೆ, ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿಗೆ ಇನ್ನೊಂದಿದೆ. ಎಲ್ಲಾ ಅಡ್ರೆಸ್‌ಗಳಲ್ಲೂ ಲಿಸನ್ ಮಾಡುವ ಸರ್ವಿಸ್‌ಗೆ ಇದ್ಯಾವುದೂ ಬೇಡ. ಒಂದು ನಿರ್ದಿಷ್ಟ ಐಪಿಗೆ ಬೈಂಡ್ ಆಗುವವರಿಗೆ ಮಾತ್ರ ಬೇಕು.

ಡೇಟಾ ಬೇರೆ ಡಿಸ್ಕಿನಲ್ಲೋ ಎನ್‌ಎಫ್‌ಎಸ್‌ನಲ್ಲೋ (ನೆಟ್‌ವರ್ಕ್ ಮೂಲಕ ಸಿಗುವ ಡಿಸ್ಕ್) ಇದ್ದರೆ 'ರಿಕ್ವೈರ್ಸ್‌ಮೌಂಟ್ಸ್‌ಫಾರ್=' ಬರೆದು ಆ ಫೋಲ್ಡರಿನ ಪಾತ್ ಕೊಡಿ. ಒಂದೇ ಸಾಲು. ಅದಿಲ್ಲದಿದ್ದರೆ ಡಿಸ್ಕ್ ಮೌಂಟ್ ಆಗುವ, ಅಂದರೆ ಆ ಫೋಲ್ಡರಿಗೆ ಜೋಡಣೆಯಾಗುವ ಮೊದಲೇ ಪ್ರೋಗ್ರಾಮ್ ಎದ್ದು, ಖಾಲಿ ಫೋಲ್ಡರಿನಲ್ಲಿ ಫೈಲ್ ಬರೆಯುತ್ತದೆ. ಆಮೇಲೆ ಮೌಂಟ್ ಬಂದು ಅದರ ಮೇಲೆ ಕೂರುತ್ತದೆ. ಆ ಫೈಲುಗಳು ಕಣ್ಣಿಗೆ ಬೀಳುವುದಿಲ್ಲ, ಡಿಸ್ಕ್ ಮಾತ್ರ ತುಂಬುತ್ತಾ ಹೋಗುತ್ತದೆ.

ಆಫ್ಟರ್‌ನ ಇನ್ನೊಂದು ಮುಖವೇ ನನಗೆ ಮುಖ್ಯ. ಏಳುವಾಗ ಯಾವ ಕ್ರಮವೋ, ನಿಲ್ಲುವಾಗ ಅದರ ಉಲ್ಟಾ. ವರದಿ ಪೋಸ್ಟ್‌ಗ್ರೆಸ್ ಆದ ಮೇಲೆ ಏಳಬೇಕು ಅಂತ ಬರೆದಿದ್ದರೆ, ಶಟ್‌ಡೌನ್‌ನಲ್ಲಿ ವರದಿ ಪೂರ್ತಿ ನಿಂತ ಮೇಲೆ ಪೋಸ್ಟ್‌ಗ್ರೆಸ್ ನಿಲ್ಲುತ್ತದೆ. ಬರೆಯದಿದ್ದರೆ ಎರಡೂ ಒಟ್ಟಿಗೆ ನಿಲ್ಲಲು ಹೊರಡುತ್ತವೆ. ವರದಿ ತನ್ನ ಕೊನೆಯ ಕೆಲಸದ ಸ್ಥಿತಿ ಬರೆಯಲು ಹೋದಾಗ ಡೇಟಾಬೇಸ್ ಬಾಗಿಲು ಹಾಕಿಕೊಂಡಿರುತ್ತದೆ. ಹಗಲು ಹೊತ್ತು ಸ್ಟಾಪ್, ಸ್ಟಾರ್ಟ್ ಮಾಡಿ ನೋಡಿದಾಗ ಈ ತೊಂದರೆ ಕಾಣುವುದೇ ಇಲ್ಲ, ಯಾಕಂದ್ರೆ ಆಗ ಡೇಟಾಬೇಸ್ ಓಡುತ್ತಲೇ ಇರುತ್ತದೆ. ರೀಬೂಟ್‌ನಲ್ಲಿ ಮಾತ್ರ ಕಾಣುತ್ತದೆ.

ಎದ್ದಿದ್ದೇನೆ ಅಂತ ಹೇಳುವುದು ಯಾರು

ಆಫ್ಟರ್ ಬರೆದರೂ, ಅವರು ಎದ್ದಾಯ್ತು ಅಂತ ಸಿಸ್ಟಮ್‌ಡಿ ಯಾವಾಗ ಅಂದುಕೊಳ್ಳುತ್ತದೆ ಅನ್ನುವುದು 'ಟೈಪ್=' ಸಾಲಿನ ಮೇಲೆ ನಿಂತಿದೆ. 'ಸಿಂಪಲ್' ಅಂದರೆ ಪ್ರೊಸೆಸ್ ಫೋರ್ಕ್ ಆದ (ಹೊಸದಾಗಿ ಹುಟ್ಟಿದ) ಕ್ಷಣವೇ ಎದ್ದಾಯ್ತು. ಪ್ರೋಗ್ರಾಮ್ ಫೈಲೇ ಇಲ್ಲದಿದ್ದರೂ ಸ್ಟಾರ್ಟ್ ಕಮಾಂಡ್ ಗೆದ್ದೆ ಅಂತ ಹೇಳಬಹುದು. 240ನೇ ಆವೃತ್ತಿಯಿಂದ 'ಎಕ್ಸೆಕ್' ಅನ್ನುವ ಟೈಪ್ ಇದೆ. ಅದು ಪ್ರೋಗ್ರಾಮ್ ನಿಜವಾಗಿ ಲೋಡ್ ಆಗುವ ತನಕ ಕಾಯುತ್ತದೆ. ನನ್ನ ಸ್ವಂತ ಯುನಿಟ್‌ಗಳಲ್ಲಿ ನಾನು ಸಿಂಪಲ್ ಬಿಟ್ಟು ಇದನ್ನೇ ಬರೆಯುತ್ತೇನೆ.

'ನೋಟಿಫೈ' ಎಲ್ಲಕ್ಕಿಂತ ಚೆನ್ನ. ಪ್ರೋಗ್ರಾಮೇ ತಯಾರಾದ ಮೇಲೆ 'ರೆಡಿ=1' ಅಂತ ಸಂದೇಶ ಕಳಿಸುತ್ತದೆ. ಅದಕ್ಕೆ ಪ್ರೋಗ್ರಾಮಿನಲ್ಲಿ ಆ ಸೌಲಭ್ಯ ಇರಬೇಕು. ಇಲ್ಲದ ಪ್ರೋಗ್ರಾಮಿಗೆ ನೋಟಿಫೈ ಅಂತ ಬರೆದರೆ ಸಾಮಾನ್ಯವಾಗಿ 90 ಸೆಕೆಂಡ್ ಕಾದು, ಟೈಮ್‌ಔಟ್ ಅಂತ ಸಿಸ್ಟಮ್‌ಡಿಯೇ ಅದನ್ನು ಕೊಂದುಹಾಕುತ್ತದೆ. 'ಫೋರ್ಕಿಂಗ್' ತಾವೇ ಹಿನ್ನೆಲೆಗೆ ಹೋಗುವ ಹಳೆಯ ಪ್ರೋಗ್ರಾಮ್‌ಗಳಿಗೆ, ಅಂದರೆ ಡೀಮನ್‌ಗಳಿಗೆ. ಹೊಸದಾಗಿ ಬರೆಯುವ ಪ್ರೋಗ್ರಾಮ್ ತಾನೇ ಹಿನ್ನೆಲೆಗೆ ಹೋಗುವ ಸರ್ಕಸ್ ಮಾಡಲೇಬಾರದು, ಮುನ್ನೆಲೆಯಲ್ಲಿ ಓಡಲಿ.

ನಿಲ್ಲಿಸುವುದೇ ಅಸಲಿ ಕೆಲಸ

ಯುನಿಟ್ ಫೈಲ್ ಬರೆಯುವವರೆಲ್ಲ ಸ್ಟಾರ್ಟ್ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಸ್ಟಾಪ್ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಸ್ಟಾರ್ಟ್ ಕೆಟ್ಟರೆ ಸರ್ವಿಸ್ ಏಳುವುದಿಲ್ಲ, ಕೂಡಲೇ ಫೋನ್ ಬರುತ್ತದೆ, ಸರಿ ಮಾಡುತ್ತೀರಿ. ಸ್ಟಾಪ್ ಕೆಟ್ಟರೆ ಫೋನ್ ಬರುವುದಿಲ್ಲ. ಅರ್ಧ ಬರೆದ ಫೈಲ್, ಎರಡು ಸಲ ಹೋದ ಮೇಲ್, 'ನಡೆಯುತ್ತಿದೆ' ಅನ್ನುವ ಸ್ಥಿತಿಯಲ್ಲೇ ಶಾಶ್ವತವಾಗಿ ಉಳಿದ ಒಂದು ಸಾಲು, ಹೀಗೆ ಒಳಗೊಳಗೇ ಕೆಡುತ್ತದೆ.

ಸ್ಟಾಪ್ ಕೊಟ್ಟಾಗ ನಡೆಯುವುದು ಇಷ್ಟು. 'ಎಕ್ಸೆಕ್‌ಸ್ಟಾಪ್' ಇದ್ದರೆ ಮೊದಲು ಅದು ಓಡುತ್ತದೆ. ಅದು ಮುಗಿದ ಕೂಡಲೇ ಉಳಿದ ಪ್ರೊಸೆಸ್‌ಗಳಿಗೆ ಸಿಗ್‌ಟರ್ಮ್ (ನಿಲ್ಲು ಅನ್ನುವ ಸಿಗ್ನಲ್) ಹೋಗುತ್ತದೆ. ಆಮೇಲೆ ಕಾಯುತ್ತದೆ. ಎಷ್ಟು ಹೊತ್ತು ಅನ್ನುವುದು 'ಟೈಮ್‌ಔಟ್‌ಸ್ಟಾಪ್‌ಸೆಕ್'. ನೀವು ಬರೆಯದಿದ್ದರೆ ಸಾಮಾನ್ಯವಾಗಿ 90 ಸೆಕೆಂಡ್. ಅಷ್ಟರೊಳಗೆ ನಿಲ್ಲದಿದ್ದರೆ ಬಲವಂತವಾಗಿ ಕೊಲ್ಲುವ ಸಿಗ್‌ಕಿಲ್. ಸಿಗ್‌ಕಿಲ್ ಬಂದರೆ ಪ್ರೋಗ್ರಾಮಿಗೆ ಕೊನೆಯ ಮಾತು ಆಡುವ ಅವಕಾಶವೂ ಇಲ್ಲ.

ಕನ್ಸೋಲಿನಲ್ಲಿ ಕೆಂಪು ನಕ್ಷತ್ರಗಳು ಎಡಕ್ಕೂ ಬಲಕ್ಕೂ ಓಡಾಡುತ್ತಾ, 'ಎ ಸ್ಟಾಪ್ ಜಾಬ್ ಈಸ್ ರನ್ನಿಂಗ್ ಫಾರ್' ಅಂತ ಸಾಲು ಬಂದು, ಪಕ್ಕದಲ್ಲಿ ಸೆಕೆಂಡುಗಳು ಏರುತ್ತಿರುವುದನ್ನು ನೋಡಿರುತ್ತೀರಿ. 40 ಸೆಕೆಂಡ್, 41, 42, ಕೊನೆಯಲ್ಲಿ 1 ನಿಮಿಷ 30 ಅಂತ ಗಡುವು. ಅದನ್ನು ನೋಡಿ ಸಿಸ್ಟಮ್‌ಡಿ ನಿಧಾನ ಅಂತ ಬೈಯುವವರೇ ಎಲ್ಲ. ಆದರೆ ಅದು ಹೇಳುತ್ತಿರುವುದು ಇಷ್ಟೇ: ಈ ಹೆಸರಿನ ಸರ್ವಿಸ್‌ಗೆ ನಿಲ್ಲು ಅಂದೆ, ಅದು ಕೇಳುತ್ತಿಲ್ಲ. ಆ ಹೆಸರನ್ನು ಬರೆದಿಟ್ಟುಕೊಳ್ಳಿ.

ಇದಕ್ಕೆ ಪರಿಹಾರ ಅಂತ 'ಡೀಫಾಲ್ಟ್‌ಟೈಮ್‌ಔಟ್‌ಸ್ಟಾಪ್‌ಸೆಕ್' ಅನ್ನು ಇಡೀ ಸಿಸ್ಟಮ್‌ಗೆ 10 ಸೆಕೆಂಡ್ ಮಾಡಿ ಅನ್ನುವ ಸಲಹೆ ಎಲ್ಲಾ ಕಡೆ ಸಿಗುತ್ತದೆ. ಲ್ಯಾಪ್‌ಟಾಪ್‌ಗೆ ಪರವಾಗಿಲ್ಲ. ಡೇಟಾಬೇಸ್ ಇರುವ ಸರ್ವರಿಗೆ ಅದನ್ನು ಮಾಡಬೇಡಿ. ಸರ್ವಿಸ್ ಒಂದೊಂದಕ್ಕೂ ಅದರದ್ದೇ ಸಮಯ ಕೊಡಿ.

ವರದಿಗೆ ಎಷ್ಟು ಕೊಡಬೇಕು? ಅತಿ ದೊಡ್ಡ ಪಿಡಿಎಫ್‌ಗೆ ಎರಡು ನಿಮಿಷ ಹಿಡಿಯುತ್ತದೆ ಅಂತ ಆಗಲೇ ಹೇಳಿದೆ. ಅಂದರೆ ಡೀಫಾಲ್ಟ್ 90 ಸೆಕೆಂಡ್ ಸಾಲದು, ನಡುವೆಯೇ ಸಿಗ್‌ಕಿಲ್ ಬೀಳುತ್ತದೆ. ಎರಡು ದಾರಿ ಇದೆ. ಪ್ರೋಗ್ರಾಮ್ ನಿಮ್ಮದೇ ಆಗಿದ್ದರೆ, ಸಿಗ್‌ಟರ್ಮ್ ಬಂದ ತಕ್ಷಣ ಹೊಸ ಕೆಲಸ ಎತ್ತಿಕೊಳ್ಳುವುದನ್ನು ನಿಲ್ಲಿಸಿ, ಕೈಯಲ್ಲಿರುವುದನ್ನು 'ಬಾಕಿ' ಅಂತ ಡೇಟಾಬೇಸಿನಲ್ಲಿ ವಾಪಸ್ ಬರೆದು ಹೊರಬರುವಂತೆ ಮಾಡಿ. ಆಗ 20 ಸೆಕೆಂಡ್ ಸಾಕು. ಪ್ರೋಗ್ರಾಮ್ ಮುಟ್ಟುವಂತಿಲ್ಲ ಅಂದರೆ 150 ಸೆಕೆಂಡ್ ಕೊಡಿ, ರೀಬೂಟ್ ಅಷ್ಟು ತಡವಾಗುತ್ತದೆ ಅಂತ ಒಪ್ಪಿಕೊಳ್ಳಿ. 'ಇನ್ಫಿನಿಟಿ' ಅಂತಲೂ ಬರೆಯಬಹುದು. ಪೋಸ್ಟ್‌ಗ್ರೆಸ್‌ನ ಕೈಪಿಡಿಯೇ ತನ್ನ ಮಾದರಿ ಯುನಿಟ್‌ನಲ್ಲಿ ಹಾಗೆ ಬರೆದಿದೆ, ಅದಕ್ಕೆ ಕಾರಣವೂ ಇದೆ. ಮಾಮೂಲಿ ಸರ್ವಿಸ್‌ಗೆ ಬರೆದರೆ ಒಂದಲ್ಲ ಒಂದು ರಾತ್ರಿ ರೀಬೂಟ್ ಅಲ್ಲೇ ನಿಲ್ಲುತ್ತದೆ.

ಪೋಸ್ಟ್‌ಗ್ರೆಸ್ ಮಾತು ಬಂತಲ್ಲ, ಅದರ ಸಿಗ್ನಲ್ ವಿಚಾರ ನೋಡುವಂಥದ್ದು. ಸಿಗ್‌ಟರ್ಮ್ ಕೊಟ್ಟರೆ ಅದು 'ಸ್ಮಾರ್ಟ್' ಶಟ್‌ಡೌನ್‌ಗೆ ಹೋಗುತ್ತದೆ. ಅಂದರೆ ಹೊಸಬರನ್ನು ಬಿಡುವುದಿಲ್ಲ, ಒಳಗಿರುವ ಕ್ಲೈಂಟ್‌ಗಳು ತಾವಾಗಿ ಹೋಗುವ ತನಕ ಕಾಯುತ್ತದೆ. ಕನೆಕ್ಷನ್ ಹಿಡಿದು ಕೂತ ಒಂದೇ ಒಂದು ಕ್ಲೈಂಟ್ ಇದ್ದರೂ ಸಾಕು, ಅದು ನಿಲ್ಲುವುದಿಲ್ಲ. ಸಿಗ್‌ಇಂಟ್ ಕೊಟ್ಟರೆ 'ಫಾಸ್ಟ್': ನಡೆಯುತ್ತಿರುವ ಟ್ರಾನ್ಸಾಕ್ಷನ್‌ಗಳನ್ನು ರದ್ದು ಮಾಡಿ, ಎಲ್ಲರನ್ನೂ ಕಳಿಸಿ, ಅಚ್ಚುಕಟ್ಟಾಗಿ ಮುಚ್ಚುತ್ತದೆ. ಸಿಗ್‌ಕ್ವಿಟ್ ಕೊಟ್ಟರೆ ಒಡನೆಯೇ ನಿಲ್ಲುತ್ತದೆ, ಮುಂದಿನ ಸಲ ಏಳುವಾಗ ರಿಕವರಿ ಮಾಡಿಕೊಳ್ಳಬೇಕಾಗುತ್ತದೆ. ಅದಕ್ಕೇ ಆ ಮಾದರಿ ಯುನಿಟ್‌ನಲ್ಲಿ 'ಕಿಲ್‌ಸಿಗ್ನಲ್=ಸಿಗ್‌ಇಂಟ್' ಇರುವುದು. ಎನ್‌ಜಿನ್‌ಎಕ್ಸ್ ಅನ್ನುವ ವೆಬ್ ಸರ್ವರಿನದು ಇನ್ನೊಂದು ಥರ: ಸಿಗ್‌ಟರ್ಮ್ ಅಂದರೆ ಬೇಗ ನಿಲ್ಲು, ಸಿಗ್‌ಕ್ವಿಟ್ ಅಂದರೆ ಈಗಿನ ರಿಕ್ವೆಸ್ಟ್‌ಗಳನ್ನು ಮುಗಿಸಿ ನಿಲ್ಲು. ಒಂದೇ ಸಿಗ್‌ಕ್ವಿಟ್, ಇಬ್ಬರಲ್ಲಿ ಪೂರ್ತಿ ಉಲ್ಟಾ ಅರ್ಥ. ಹಾಗಾಗಿ ನಿಮ್ಮ ಪ್ರೋಗ್ರಾಮ್ ಯಾವ ಸಿಗ್ನಲ್‌ಗೆ ಏನು ಮಾಡುತ್ತದೆ ಅಂತ ಅದರ ಕೈಪಿಡಿಯಲ್ಲಿ ನೋಡಲೇಬೇಕು, ಊಹೆ ಮಾಡಬೇಡಿ.

ಎಕ್ಸೆಕ್‌ಸ್ಟಾಪ್ ಬರೆಯುವವರಿಗೆ ಒಂದು ಮಾತು. ಆ ಕಮಾಂಡ್, ಸರ್ವಿಸ್ ನಿಂತ ಮೇಲೆ ಮುಗಿಯಬೇಕು. 'ನಿಲ್ಲು' ಅಂತ ಹೇಳಿ ತಕ್ಷಣ ವಾಪಸ್ ಬರುವ ಕಮಾಂಡ್ ಹಾಕಿದರೆ, ಅದು ವಾಪಸ್ ಬಂದ ಮರುಕ್ಷಣವೇ ಸಿಸ್ಟಮ್‌ಡಿ ಸಿಗ್‌ಟರ್ಮ್ ಕಳಿಸುತ್ತದೆ. ನೀವು ಮೆತ್ತಗೆ ನಿಲ್ಲಿಸಲು ಹೊರಟಿದ್ದು ಅಲ್ಲಿಗೆ ವ್ಯರ್ಥ. ಬರೀ ಸಿಗ್‌ಟರ್ಮ್ ಕಳಿಸಲಿಕ್ಕೆ ಎಕ್ಸೆಕ್‌ಸ್ಟಾಪ್ ಬೇಕಾಗಿಯೇ ಇಲ್ಲ, ಸಾಲನ್ನೇ ಬಿಡಿ.

ಇನ್ನು ಶೆಲ್ ಸ್ಕ್ರಿಪ್ಟ್ ರಗಳೆ. ವರದಿಯನ್ನು ನೇರವಾಗಿ ಓಡಿಸದೆ 'ಸ್ಟಾರ್ಟ್.ಎಸ್‌ಎಚ್' ಅನ್ನುವ ಸ್ಕ್ರಿಪ್ಟ್ ಮೂಲಕ ಓಡಿಸುವುದು ಎಲ್ಲಾ ಕಡೆ ಇರುವ ಅಭ್ಯಾಸ. ನಾಲ್ಕು ವೇರಿಯೇಬಲ್ ಸೆಟ್ ಮಾಡಿ, ಕೊನೆಯ ಸಾಲಿನಲ್ಲಿ 'ಜಾವಾ -ಜಾರ್ ವರದಿ.ಜಾರ್' ಅಂತ ಇರುತ್ತದೆ. ಆಗ ಸಿಸ್ಟಮ್‌ಡಿ ಲೆಕ್ಕದಲ್ಲಿ ಮುಖ್ಯ ಪ್ರೊಸೆಸ್ ಅಂದರೆ ಸ್ಕ್ರಿಪ್ಟ್ ಓಡಿಸುವ ಶೆಲ್ ಆದ ಬ್ಯಾಶ್, ಜಾವಾ ಅದರ ಮಗು. ಸಿಗ್ನಲ್ ಯಾರಿಗೆ ಹೋಗಬೇಕು ಅಂತ ಹೇಳುವ 'ಕಿಲ್‌ಮೋಡ್' ಡೀಫಾಲ್ಟ್ ಆದ 'ಕಂಟ್ರೋಲ್-ಗ್ರೂಪ್' ಇದ್ದರೆ ಇಬ್ಬರಿಗೂ ಸಿಗ್‌ಟರ್ಮ್ ಹೋಗುತ್ತದೆ, ಬಚಾವ್. ಯಾರಾದರೂ ಜಾಣತನ ಮಾಡಿ 'ಕಿಲ್‌ಮೋಡ್=ಮಿಕ್ಸ್‌ಡ್' ಮಾಡಿದರೆ ಸಿಗ್‌ಟರ್ಮ್ ಬ್ಯಾಶ್‌ಗೆ ಮಾತ್ರ. ಬ್ಯಾಶ್ ಆ ಕ್ಷಣ ಸಾಯುತ್ತದೆ. ಉಳಿದದ್ದು ಜಾವಾ, ಅದಕ್ಕೆ ನೇರವಾಗಿ ಸಿಗ್‌ಕಿಲ್. ಟೈಮ್‌ಔಟ್ 150 ಇದ್ದರೂ ಅಷ್ಟೇ, 1500 ಇದ್ದರೂ ಅಷ್ಟೇ. ಪರಿಹಾರ ತೀರಾ ಸಣ್ಣದು. ಸ್ಕ್ರಿಪ್ಟಿನ ಕೊನೆಯ ಸಾಲಿನ ಮುಂದೆ 'ಎಕ್ಸೆಕ್' ಸೇರಿಸಿ. ಬ್ಯಾಶ್ ಜಾಗದಲ್ಲಿ ಜಾವಾ ಬಂದು ಕೂರುತ್ತದೆ. ಇನ್ನೂ ಒಳ್ಳೆಯದು ಅಂದರೆ ಸ್ಕ್ರಿಪ್ಟನ್ನೇ ಕಿತ್ತುಹಾಕಿ, ವೇರಿಯೇಬಲ್‌ಗಳನ್ನು 'ಎನ್ವಿರಾನ್‌ಮೆಂಟ್‌ಫೈಲ್=' ಮೂಲಕ ಕೊಡುವುದು.

ಜಾವಾದ ಇನ್ನೊಂದು ಚೇಷ್ಟೆ: ಸಿಗ್‌ಟರ್ಮ್ ಬಂದಾಗ ನೆಟ್ಟಗೆ ನಿಂತರೂ 143 ಅನ್ನುವ ಎಕ್ಸಿಟ್ ಕೋಡ್ ಕೊಡುತ್ತದೆ. 128ಕ್ಕೆ ಸಿಗ್‌ಟರ್ಮ್‌ನ ನಂಬರ್ 15 ಸೇರಿದರೆ 143. ಸಿಸ್ಟಮ್‌ಡಿ ಅದನ್ನು 'ಫೇಲ್ಡ್' ಅಂತ ಕೆಂಪಗೆ ತೋರಿಸುತ್ತದೆ. 'ಸಕ್ಸೆಸ್‌ಎಕ್ಸಿಟ್‌ಸ್ಟೇಟಸ್=143' ಬರೆದರೆ ಸುಮ್ಮನಾಗುತ್ತದೆ.

ಇಷ್ಟೆಲ್ಲ ಸೇರಿ ನನ್ನ ವರದಿ ಯುನಿಟ್ ಹೀಗಿರುತ್ತದೆ:

[ಯುನಿಟ್]
ವಾಂಟ್ಸ್=ಪೋಸ್ಟ್‌ಗ್ರೆಎಸ್‌ಕ್ಯೂಎಲ್.ಸರ್ವಿಸ್
ಆಫ್ಟರ್=ಪೋಸ್ಟ್‌ಗ್ರೆಎಸ್‌ಕ್ಯೂಎಲ್.ಸರ್ವಿಸ್
ರಿಕ್ವೈರ್ಸ್‌ಮೌಂಟ್ಸ್‌ಫಾರ್=/ಎಸ್‌ಆರ್‌ವಿ/ವರದಿ
ಸ್ಟಾರ್ಟ್‌ಲಿಮಿಟ್‌ಇಂಟರ್ವಲ್‌ಸೆಕ್=300
ಸ್ಟಾರ್ಟ್‌ಲಿಮಿಟ್‌ಬರ್ಸ್ಟ್=20

[ಸರ್ವಿಸ್]
ಟೈಪ್=ಎಕ್ಸೆಕ್
ಯೂಸರ್=ವರದಿ
ಎನ್ವಿರಾನ್‌ಮೆಂಟ್‌ಫೈಲ್=/ಇಟಿಸಿ/ವರದಿ/ಎನ್‌ವಿ
ಎಕ್ಸೆಕ್‌ಸ್ಟಾರ್ಟ್=/ಯುಎಸ್‌ಆರ್/ಬಿನ್/ಜಾವಾ -ಜಾರ್ /ಎಸ್‌ಆರ್‌ವಿ/ವರದಿ/ವರದಿ.ಜಾರ್
ಟೈಮ್‌ಔಟ್‌ಸ್ಟಾಪ್‌ಸೆಕ್=150
ಸಕ್ಸೆಸ್‌ಎಕ್ಸಿಟ್‌ಸ್ಟೇಟಸ್=143
ರೀಸ್ಟಾರ್ಟ್=ಆನ್-ಫೇಲ್ಯೂರ್
ರೀಸ್ಟಾರ್ಟ್‌ಸೆಕ್=5

[ಇನ್‌ಸ್ಟಾಲ್]
ವಾಂಟೆಡ್‌ಬೈ=ಮಲ್ಟಿ-ಯೂಸರ್.ಟಾರ್ಗೆಟ್

ಬಿದ್ದರೆ ಎತ್ತುವುದು

ಮೇಲಿನ 300, 20, 5 ಎಲ್ಲಿಂದ ಬಂದವು ಅಂತ ಹೇಳಬೇಕು. ರೀಸ್ಟಾರ್ಟ್ ಮಾತ್ರ ಬರೆದು ಉಳಿದದ್ದನ್ನು ಬಿಟ್ಟರೆ, ಬಿದ್ದ ಸರ್ವಿಸನ್ನು 100 ಮಿಲಿಸೆಕೆಂಡಿನಲ್ಲಿ ಎತ್ತುತ್ತದೆ. 10 ಸೆಕೆಂಡಿನೊಳಗೆ 5 ಸಲ ಎತ್ತಿದ ಮೇಲೆ ಕೈ ಬಿಡುತ್ತದೆ. ಏಳುತ್ತಲೇ ಬೀಳುವ ಪ್ರೋಗ್ರಾಮ್ ಆದರೆ ಒಂದೆರಡು ಸೆಕೆಂಡಿನಲ್ಲೇ ಕಥೆ ಮುಗಿಯಿತು. ಡೇಟಾಬೇಸ್ ಅಪ್‌ಗ್ರೇಡ್ ಆಗಿ ವಾಪಸ್ ಬರಲು 20 ಸೆಕೆಂಡ್ ತೆಗೆದುಕೊಂಡರೆ ಅಷ್ಟರಲ್ಲಿ ವರದಿ ಸತ್ತು ಮಲಗಿರುತ್ತದೆ, ಮತ್ತೆ ಯಾರೂ ಎಬ್ಬಿಸುವುದಿಲ್ಲ. ಬರೀ ರೀಸ್ಟಾರ್ಟ್‌ಸೆಕ್ 5 ಮಾಡಿದರೆ ಇನ್ನೊಂದು ತುದಿಗೆ ಹೋಗುತ್ತದೆ. 10 ಸೆಕೆಂಡಿನಲ್ಲಿ 5 ಸಲ ಆಗುವುದೇ ಇಲ್ಲವಲ್ಲ, ಹಾಗಾಗಿ ಜನ್ಮವಿಡೀ ಎದ್ದು ಬಿದ್ದು ಲಾಗ್ ತುಂಬಿಸುತ್ತದೆ. ಐದು ನಿಮಿಷದಲ್ಲಿ 20 ಸಲ, ಐದೈದು ಸೆಕೆಂಡ್ ಬಿಟ್ಟು ಅಂದರೆ ಸುಮಾರು ಒಂದೂಮುಕ್ಕಾಲು ನಿಮಿಷ ಹಠ ಹಿಡಿದು, ಆಮೇಲೆ ಸೋಲೊಪ್ಪಿ ಫೇಲ್ಡ್ ಆಗುತ್ತದೆ, ಅಲರ್ಟ್ ಬರುತ್ತದೆ. ಈ ಎರಡು ಲಿಮಿಟ್ ಸಾಲುಗಳು ಯುನಿಟ್ ಭಾಗದಲ್ಲಿ ಇರಬೇಕು, ಸರ್ವಿಸ್ ಭಾಗದಲ್ಲಲ್ಲ. ಮಿತಿ ಮುಟ್ಟಿ ನಿಂತ ಸರ್ವಿಸ್ ಕೈಯಲ್ಲೂ ಏಳದಿದ್ದರೆ 'ರೀಸೆಟ್-ಫೇಲ್ಡ್' ಕೊಟ್ಟು ಸ್ಟಾರ್ಟ್ ಮಾಡಿ.

ನೀವೇ ಸ್ಟಾಪ್ ಕೊಟ್ಟರೆ ರೀಸ್ಟಾರ್ಟ್ ಅಡ್ಡ ಬರುವುದಿಲ್ಲ. 'ಆಲ್ವೇಸ್' ಅಂತ ಬರೆದಿದ್ದರೂ ಬರುವುದಿಲ್ಲ.

ಶಟ್‌ಡೌನ್ ಆಗುವಾಗ ಏನಾದರೂ ಓಡಿಸಬೇಕಾ?

ರಿಕ್ವೆಸ್ಟ್‌ಗಳನ್ನು ಸರ್ವರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್‌ನಿಂದ ಈ ಸರ್ವರಿನ ಹೆಸರು ತೆಗೆಸುವುದು, ಲಾಗ್ ಬೇರೆ ಕಡೆ ಸಾಗಿಸುವುದು ಇಂಥದ್ದಕ್ಕೆ ಒಂದು ಸರಳ ಉಪಾಯ ಇದೆ. 'ಟೈಪ್=ಒನ್‌ಶಾಟ್', 'ರಿಮೇನ್‌ಆಫ್ಟರ್‌ಎಕ್ಸಿಟ್=ಯೆಸ್' ಇರುವ ಯುನಿಟ್ ಮಾಡಿ. ಎಕ್ಸೆಕ್‌ಸ್ಟಾರ್ಟ್‌ನಲ್ಲಿ /ಬಿನ್/ಟ್ರೂ, ಎಕ್ಸೆಕ್‌ಸ್ಟಾಪ್‌ನಲ್ಲಿ ನಿಮ್ಮ ಸ್ಕ್ರಿಪ್ಟ್. ಬೂಟ್‌ನಲ್ಲಿ ಅದು ಏನೂ ಮಾಡದೆ 'ಆಕ್ಟಿವ್' ಅಂತ ಕೂರುತ್ತದೆ, ಶಟ್‌ಡೌನ್‌ನಲ್ಲಿ ಸ್ಕ್ರಿಪ್ಟ್ ಓಡುತ್ತದೆ. ಸ್ಕ್ರಿಪ್ಟಿಗೆ ನೆಟ್‌ವರ್ಕ್ ಬೇಕಿದ್ದರೆ 'ಆಫ್ಟರ್=ನೆಟ್‌ವರ್ಕ್.ಟಾರ್ಗೆಟ್' ಹಾಕಿ. ಕ್ರಮ ಉಲ್ಟಾ ಆಗುತ್ತದಲ್ಲ, ನೆಟ್‌ವರ್ಕ್ ಹೋಗುವ ಮೊದಲೇ ಸ್ಕ್ರಿಪ್ಟ್ ಮುಗಿಯುತ್ತದೆ. ವರದಿ ನಿಲ್ಲುವ ಮೊದಲೇ ಓಡಬೇಕಿದ್ದರೆ 'ಆಫ್ಟರ್=ವರದಿ.ಸರ್ವಿಸ್' ಕೂಡ ಸೇರಿಸಿ. ಎನೇಬಲ್ ಮಾಡಿ, ಒಮ್ಮೆ ಸ್ಟಾರ್ಟ್ ಕೂಡ ಮಾಡಿ. ಸ್ಟಾರ್ಟ್ ಆಗದೆ ಇರುವ ಯುನಿಟ್ ಸ್ಟಾಪ್ ಆಗುವುದೂ ಇಲ್ಲ.

ಪರೀಕ್ಷೆ

ಮೊದಲು 'ಸಿಸ್ಟಮ್‌ಡಿ-ಅನಲೈಜ್ ವೆರಿಫೈ' ಕೊಟ್ಟು ಫೈಲಿನಲ್ಲಿ ಅಕ್ಷರ ತಪ್ಪಿದೆಯಾ ನೋಡಿ. ತಪ್ಪು ಹೆಸರಿನ ಸಾಲನ್ನು ಸಿಸ್ಟಮ್‌ಡಿ ಲಾಗ್‌ನಲ್ಲಿ ಒಂದು ಮಾತು ಬರೆದು, ಬಿಟ್ಟು ಮುಂದೆ ಹೋಗುತ್ತದೆ. ಆಮೇಲೆ ಪ್ರೋಗ್ರಾಮ್ ಕೆಲಸದ ಮಧ್ಯೆ ಇದ್ದಾಗ, ಖಾಲಿ ಕೂತಾಗ ಅಲ್ಲ, 'ಟೈಮ್ ಸಿಸ್ಟಮ್‌ಸಿಟಿಎಲ್ ಸ್ಟಾಪ್ ವರದಿ' ಕೊಟ್ಟು ಎಷ್ಟು ಸೆಕೆಂಡ್ ಹಿಡಿಯಿತು ನೋಡಿ. ಮುಖ್ಯ ಪ್ರೊಸೆಸ್‌ಗೆ 'ಕಿಲ್ -9' ಕೊಟ್ಟು, ಎದ್ದು ಬರುತ್ತದೆಯಾ ನೋಡಿ. ಕೊನೆಗೆ ರೀಬೂಟ್ ಮಾಡಿ. ಇದನ್ನು ತಪ್ಪಿಸಿಕೊಳ್ಳಲು ಎಲ್ಲರ ಹತ್ತಿರವೂ ಕಾರಣ ಇರುತ್ತದೆ, ನಾನು ಯಾವುದನ್ನೂ ಒಪ್ಪುವುದಿಲ್ಲ.

ಬೇರೆಯವರೂ ಬಳಸುವ ಸರ್ವರ್ ಆದರೆ 'ಶಟ್‌ಡೌನ್ -ಆರ್ +10' ಕೊಡಿ, ಲಾಗಿನ್ ಆಗಿರುವವರಿಗೆ ಸಂದೇಶ ಹೋಗುತ್ತದೆ, ಕೊನೆಯ ಐದು ನಿಮಿಷ ಹೊಸ ಲಾಗಿನ್ ಬಂದ್ ಆಗುತ್ತದೆ. ಮನಸ್ಸು ಬದಲಾದರೆ 'ಶಟ್‌ಡೌನ್ -ಸಿ'.

ಎದ್ದ ಮೇಲೆ 'ಸಿಸ್ಟಮ್‌ಸಿಟಿಎಲ್ --ಫೇಲ್ಡ್' ನೋಡಿ. ಅದಕ್ಕಿಂತ ಮುಖ್ಯವಾಗಿ 'ಜರ್ನಲ್‌ಸಿಟಿಎಲ್ -ಬಿ -1 -ಯು ವರದಿ' ನೋಡಿ. ಇದು ಹಿಂದಿನ ಬೂಟ್‌ನ ಲಾಗ್, ಅಂದರೆ ಸರ್ವಿಸ್ ನಿಂತ ಕ್ಷಣಗಳ ದಾಖಲೆ. ಅದರಲ್ಲಿ 'ಸ್ಟೇಟ್ ಸ್ಟಾಪ್-ಸಿಗ್‌ಟರ್ಮ್ ಟೈಮ್ಡ್ ಔಟ್, ಕಿಲ್ಲಿಂಗ್' ಅಂತಲೋ 'ಸ್ಟೇಟಸ್=9/ಕಿಲ್' ಅಂತಲೋ ಸಾಲು ಇದ್ದರೆ ನಿಮ್ಮ ಸರ್ವಿಸ್ ನಿಂತಿಲ್ಲ, ಕೊಲ್ಲಲ್ಪಟ್ಟಿದೆ. ಹಿಂದಿನ ಬೂಟ್‌ನ ಲಾಗ್ ಇಲ್ಲವೇ ಇಲ್ಲ ಅಂತ ಬಂದರೆ ಜರ್ನಲ್ (ಸಿಸ್ಟಮ್‌ಡಿಯ ಲಾಗ್) ಮೆಮೊರಿಯಲ್ಲಿ ಮಾತ್ರ ಉಳಿಯುತ್ತಿದೆ. ಮಾಮೂಲಿ ಸೆಟ್ಟಿಂಗ್ ಇದ್ದಲ್ಲಿ /ವಾರ್/ಲಾಗ್/ಜರ್ನಲ್ ಫೋಲ್ಡರ್ ಮಾಡಿ, 'ಜರ್ನಲ್‌ಸಿಟಿಎಲ್ --ಫ್ಲಶ್' ಕೊಟ್ಟರೆ ಡಿಸ್ಕಿಗೆ ಬರೆಯಲು ಶುರು ಮಾಡುತ್ತದೆ.

ಬೂಟ್ ನಿಧಾನ ಅನ್ನಿಸಿದರೆ 'ಸಿಸ್ಟಮ್‌ಡಿ-ಅನಲೈಜ್ ಬ್ಲೇಮ್' ಪಟ್ಟಿಯನ್ನು ಪೂರ್ತಿ ನಂಬಬೇಡಿ. ಒಂದು ಸರ್ವಿಸ್ 30 ಸೆಕೆಂಡ್ ತೆಗೆದುಕೊಂಡಿದ್ದರೂ ಬೇರೆ ಯಾರೂ ಅದಕ್ಕೆ ಕಾಯದಿದ್ದರೆ ಬೂಟ್‌ಗೆ ತೊಂದರೆ ಇಲ್ಲ. ಯಾರು ಯಾರಿಗೆ ಕಾದರು ಅನ್ನುವುದು 'ಕ್ರಿಟಿಕಲ್-ಚೈನ್'ನಲ್ಲಿ ಕಾಣುತ್ತದೆ.

ರೀಬೂಟ್ ಸಿಕ್ಕಿಹಾಕಿಕೊಂಡರೆ

ಎಸ್‌ಎಸ್‌ಎಚ್ ಹೋಗಿರುತ್ತದೆ, ಕನ್ಸೋಲಿನಲ್ಲಿ ನಕ್ಷತ್ರ ಓಡುತ್ತಿರುತ್ತದೆ. ಯಾವ ಸರ್ವಿಸ್ ಅಂತ ಹೆಸರು ಕಾಣುತ್ತಿದ್ದರೆ ಅದರ ಗಡುವು ಮುಗಿಯುವ ತನಕ ಕಾಯಿರಿ. ಪದೇ ಪದೇ ಸಿಕ್ಕಿಹಾಕಿಕೊಳ್ಳುವ ಮೆಷಿನ್ ಆದರೆ, ರೀಬೂಟ್‌ಗೆ ಮೊದಲು 'ಸಿಸ್ಟಮ್‌ಸಿಟಿಎಲ್ ಸ್ಟಾರ್ಟ್ ಡೀಬಗ್-ಶೆಲ್' ಕೊಡಿ. ಒಂಬತ್ತನೇ ಟಿಟಿವೈ ಅನ್ನುವ ಕನ್ಸೋಲ್ ಪರದೆಯಲ್ಲಿ ಒಂದು ಶೆಲ್ ಕೊನೆಯ ತನಕ ಜೀವಂತ ಇರುತ್ತದೆ. ಅಲ್ಲಿಂದ 'ಸಿಸ್ಟಮ್‌ಸಿಟಿಎಲ್ ಲಿಸ್ಟ್-ಜಾಬ್ಸ್' ಹೊಡೆದರೆ ಯಾರು ತಡೆದಿದ್ದಾರೆ ಅಂತ ಗೊತ್ತಾಗುತ್ತದೆ. ಅದು ಪಾಸ್‌ವರ್ಡ್ ಕೇಳದ ರೂಟ್ ಶೆಲ್, ಆದ್ದರಿಂದ ಎನೇಬಲ್ ಮಾಡಿ ಮರೆತುಬಿಡಬೇಡಿ.

ಏನೂ ಆಗುತ್ತಿಲ್ಲ ಅಂದರೆ ಕೀಬೋರ್ಡಿನಲ್ಲಿ ಕಂಟ್ರೋಲ್, ಆಲ್ಟ್, ಡಿಲೀಟ್ ಅನ್ನು ಎರಡು ಸೆಕೆಂಡಿನೊಳಗೆ ಏಳಕ್ಕಿಂತ ಜಾಸ್ತಿ ಸಲ ಒತ್ತಿ, ಸಿಸ್ಟಮ್‌ಡಿ ಕಾಯುವುದನ್ನು ಬಿಟ್ಟು ರೀಬೂಟ್ ಮಾಡುತ್ತದೆ. ಶೆಲ್ ಇದ್ದರೆ 'ಸಿಸ್ಟಮ್‌ಸಿಟಿಎಲ್ ರೀಬೂಟ್ --ಫೋರ್ಸ್': ಸರ್ವಿಸ್‌ಗಳನ್ನು ಕ್ರಮವಾಗಿ ನಿಲ್ಲಿಸುವುದಿಲ್ಲ, ಎಲ್ಲಾ ಪ್ರೊಸೆಸ್ ಕೊಂದು, ಡಿಸ್ಕ್ ಅನ್‌ಮೌಂಟ್ ಮಾಡಿ ರೀಬೂಟ್ ಆಗುತ್ತದೆ. '--ಫೋರ್ಸ್' ಎರಡು ಸಲ ಬರೆದರೆ ಅನ್‌ಮೌಂಟ್ ಕೂಡ ಇಲ್ಲ. ಪವರ್ ಬಟನ್ ಒತ್ತಿ ಹಿಡಿಯುವುದಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ, ಡೇಟಾಬೇಸ್ ಆಗಲೇ ನಿಂತಿದೆ ಅಂತ ಕಣ್ಣಾರೆ ನೋಡಿದ ಮೇಲೆ ಮಾತ್ರ ಮಾಡಿ.